ಸುಳಿವು ಫ್ರೀಜರ್‌ನಲ್ಲಿತ್ತು

2016ರ ಅಕ್ಟೋಬರ್ ಕೊನೆ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಹಂದಿ ಫಾರ್ಮ್ ಒಂದರಲ್ಲಿ ಆಗಷ್ಟೇ ಹುಟ್ಟಿದ ಮರಿಗಳು ವಾಂತಿ, ಭೇದಿಯಿಂದ ಸಾಯತೊಡಗಿದವು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಪಿಇಡಿವಿ. ಹಂದಿ ಸಾಕುವವರಿಗೆಲ್ಲ ಗೊತ್ತಿರುವ ಹಳೆಯ ಕೊರೊನಾ ವೈರಸ್ ಅದು. ಕಾರಣ ಸಿಕ್ಕಿತಲ್ಲ ಎಂದು ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು.

ಆದರೆ 2017ರ ಜನವರಿ ಮಧ್ಯದ ಹೊತ್ತಿಗೆ ಪಿಇಡಿವಿ ಮಾಯವಾಯಿತು, ಸಾವು ಮಾತ್ರ ನಿಲ್ಲಲಿಲ್ಲ. ಮೇ ಆರಂಭದೊಳಗೆ ನಾಲ್ಕು ಫಾರ್ಮ್‌ಗಳಲ್ಲಿ ಸತ್ತ ಮರಿಗಳು 24,693. ಐದು ದಿನದೊಳಗಿನ ಮರಿಗಳಲ್ಲಿ ನೂರಕ್ಕೆ ತೊಂಬತ್ತರವರೆಗೂ ಬದುಕಲಿಲ್ಲ. ಎಂಟು ದಿನ ದಾಟಿದವುಗಳಲ್ಲಿ ಸತ್ತದ್ದು ನೂರಕ್ಕೆ ಐದರಷ್ಟೇ.

ಬಯೋಟೆಕ್ನಾಲಜಿ ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಪಿಸಿಆರ್ ಪರೀಕ್ಷೆ ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. 'ಪಿಇಡಿವಿ ಇದೆಯೇ?' ಎಂದರೆ ಇದೆ ಅಥವಾ ಇಲ್ಲ ಎನ್ನುತ್ತದೆಯೇ ಹೊರತು, ಪಕ್ಕದಲ್ಲಿ ಬೇರೊಂದು ವೈರಸ್ ಕೂತಿದ್ದರೂ ಬಾಯಿ ಬಿಡುವುದಿಲ್ಲ. ಹಾಗಾಗಿ ವಿಜ್ಞಾನಿಗಳು ಸತ್ತ ಮರಿಗಳ ಕರುಳಿನ ಮಾದರಿಯಲ್ಲಿದ್ದ ಆನುವಂಶಿಕ ವಸ್ತುವನ್ನೆಲ್ಲ ಒಟ್ಟಿಗೆ ಓದಿದರು. ಮೆಟಾಜೀನೋಮಿಕ್ಸ್ ಎಂದರೆ ಇದೇ. ಬಿಡಿ ತುಣುಕುಗಳನ್ನು ಜೋಡಿಸಿದಾಗ 27,173 ಅಕ್ಷರಗಳ ಹೊಸ ಕೊರೊನಾ ವೈರಸ್ ಎದ್ದು ನಿಂತಿತು. ಅದಕ್ಕೆ ಸ್ಯಾಡ್ಸ್-ಕೋವ್ ಎಂದು ಹೆಸರಿಟ್ಟರು.

ಇದು ಬಂದದ್ದೆಲ್ಲಿಂದ? ಬಾವಲಿಗಳಲ್ಲಿ ಮೊದಲೇ ಪತ್ತೆಯಾಗಿದ್ದ ಎಚ್‌ಕೆಯು2 ಎಂಬ ವೈರಸ್‌ಗೆ ಇದು ಶೇ 95ರಷ್ಟು ಹೋಲುತ್ತಿತ್ತು. ಕೇಳಲು ದೊಡ್ಡ ಹೋಲಿಕೆ. ಲೆಕ್ಕ ಹಾಕಿ ನೋಡಿ, 27 ಸಾವಿರದಲ್ಲಿ ಶೇ 5 ಎಂದರೆ ಸುಮಾರು 1,350 ಅಕ್ಷರಗಳ ವ್ಯತ್ಯಾಸ. ಜೀವಕೋಶಕ್ಕೆ ಅಂಟಿಕೊಳ್ಳಲು ಬೇಕಾದ ಸ್ಪೈಕ್ ಪ್ರೋಟೀನಿನ ವಂಶವಾಹಿಯಲ್ಲಂತೂ ಹೋಲಿಕೆ ಶೇ 86ಕ್ಕೆ ಇಳಿದಿತ್ತು. ನಂಟರು ಹೌದು, ಆದರೆ ಹತ್ತಿರದವರಲ್ಲ.

ಉತ್ತರ ಸಿಕ್ಕಿದ್ದು ಹಳೆಯ ಮಾದರಿಗಳಲ್ಲಿ. 2013ರಿಂದ 2016ರವರೆಗೆ ಗುವಾಂಗ್‌ಡಾಂಗ್‌ನಲ್ಲಿ ಬಾವಲಿಗಳ ಗುದದಿಂದ ತೆಗೆದ 591 ಸ್ವಾಬ್‌ಗಳಿದ್ದವು. ಅವನ್ನು ಸಂಗ್ರಹಿಸುವಾಗ ಈ ಹಂದಿರೋಗದ ಸುದ್ದಿಯನ್ನೇ ಯಾರೂ ಕೇಳಿರಲಿಲ್ಲ. ಗುಹೆಗಳಿಗೆ ಹೋಗಿ ಬಾವಲಿ ಹಿಡಿದು ಸ್ವಾಬ್ ತೆಗೆಯುವ ಆ ಕೆಲಸವನ್ನು ಯಾರೂ ಹೊಗಳುವುದಿಲ್ಲ ಬಿಡಿ. ಈಗ ಮತ್ತೆ ಪರೀಕ್ಷಿಸಿದರೆ 58 ಮಾದರಿಗಳಲ್ಲಿ ಇದೇ ಬಗೆಯ ವೈರಸ್ ಇತ್ತು. ಮೊದಲು ರೋಗ ಕಂಡ ಫಾರ್ಮ್‌ನ ಬಳಿಯ ಗುಹೆಯ ವೈರಸ್ ಅಂತೂ ಹಂದಿಯದ್ದಕ್ಕೆ ಶೇ 98.48ರಷ್ಟು ಹೊಂದಿತು. ವ್ಯತ್ಯಾಸ ಸುಮಾರು 400 ಅಕ್ಷರ.

ಹೋಲಿಕೆಯೊಂದೇ ಸಾಕ್ಷಿಯಾಗದು. ವೈರಸ್ಸನ್ನು ಬೆಳೆಸಿ ಆರೋಗ್ಯವಂತ ಮರಿಗಳಿಗೆ ಕೊಟ್ಟು, ಅವಕ್ಕೂ ಭೇದಿ ಬಂದದ್ದನ್ನು ಕಂಡ ಮೇಲೆಯೇ 2018ರ ಏಪ್ರಿಲ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಬಂತು. ಈ ವೈರಸ್‌ನ ಜೀನೋಮ್ ಜೀನ್‌ಬ್ಯಾಂಕ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಬ್ಲಾಸ್ಟ್ ಎಂಬ ಉಪಕರಣದಲ್ಲಿ ಹಾಕಿ ಎಚ್‌ಕೆಯು2 ಜೊತೆ ಹೋಲಿಸಲು ಲ್ಯಾಪ್‌ಟಾಪ್, ಇಂಟರ್ನೆಟ್ ಇದ್ದರೆ ಸಾಕು. ಬಯೋಇನ್ಫರ್ಮ್ಯಾಟಿಕ್ಸ್ ಕೆಲಸ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಅಭ್ಯಾಸ ನನಗೆ ಕಾಣುತ್ತಿಲ್ಲ.

ಈ ಫಾರ್ಮ್‌ಗಳಿದ್ದದ್ದು 2002ರಲ್ಲಿ ಸಾರ್ಸ್ ಶುರುವಾದ ಪ್ರಾಂತ್ಯದಲ್ಲೇ. ಹಂದಿಗಳ ಜೊತೆ ದುಡಿದ 35 ಕೆಲಸಗಾರರ ರಕ್ತ ಪರೀಕ್ಷಿಸಿದಾಗ ಯಾರಿಗೂ ಸೋಂಕು ತಗುಲಿದ ಗುರುತು ಇರಲಿಲ್ಲ. ಆದರೆ 2020ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಇದೇ ವೈರಸ್ ಮನುಷ್ಯರ ಶ್ವಾಸನಾಳದ ಜೀವಕೋಶಗಳಲ್ಲೂ ಬೆಳೆಯಿತು.