ಬನಶಂಕರಿಯಿಂದ ಸಂಗಮಕ್ಕೆ: ಏರು, ಇಳಿಜಾರು ಮತ್ತು ಕೆಲವು ತಪ್ಪು ಕಲ್ಪನೆಗಳು

ಪಕ್ಕದ ಮನೆಯ ಹುಡುಗ ಇಟಲಿಯ ಟಸ್ಕನಿಯಲ್ಲಿ ಒಂದು ವಾರ ಸೈಕಲ್ ತುಳಿದು ಬಂದ. ಫೋನಿನಲ್ಲಿ ಒಂದೊಂದೇ ಚಿತ್ರ ಸರಿಸುತ್ತ, "ಆಂಟಿ, ಎಷ್ಟು ಹೊತ್ತು ತುಳಿದ್ರೂ ಒಂದು ಗಾಡಿ ಎದುರಾಗಲ್ಲ. ಗುಡ್ಡ, ದ್ರಾಕ್ಷಿ ತೋಟ, ಬಿಳಿ ಮಣ್ಣಿನ ರಸ್ತೆ, ಅಷ್ಟೇ. ನಮ್ಮ ಜಯನಗರದಿಂದ ಹೊರಟ್ರೆ ಇಂಥದ್ದು ಎಲ್ಲಿ ಸಿಗುತ್ತೆ ಹೇಳಿ?" ಅಂದ. ಅವನ ಖುಷಿ ನೋಡಿ ನನಗೂ ಖುಷಿಯಾಯಿತು. ಆದರೆ ಅವನ ಪ್ರಶ್ನೆಗೆ ಆವತ್ತು ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ಹದಿನೈದು ವರ್ಷದಿಂದ ಶನಿವಾರ ಬೆಳಗ್ಗೆ ಬನಶಂಕರಿ ದಾಟಿ ದಕ್ಷಿಣಕ್ಕೆ ಹ್ಯಾಂಡಲ್ ತಿರುಗಿಸುವವಳು ನಾನು. ಉಳಿದರ್ಧ ಉತ್ತರ ಇಲ್ಲಿದೆ.

"ಇಟಲಿಯವರ ಹತ್ತಿರ ಕಾರು ಕಡಿಮೆ, ಅದಕ್ಕೇ ರಸ್ತೆ ಖಾಲಿ"

ಇದು ಮೊದಲ ತಪ್ಪು ಕಲ್ಪನೆ. ಇಟಲಿಯಲ್ಲಿ 100 ಜನಕ್ಕೆ 65ಕ್ಕಿಂತ ಹೆಚ್ಚು ಕಾರುಗಳಿವೆ. ಯುರೋಪಿನಲ್ಲಿ ಅತಿ ಹೆಚ್ಚು ಕಾರಿರುವ ದೇಶಗಳಲ್ಲಿ ಅದೂ ಒಂದು. ಆ ಕಾರುಗಳೆಲ್ಲ ದೊಡ್ಡ ರಸ್ತೆಯಲ್ಲಿವೆ. ಮಿಲಾನಿನಿಂದ ಫ್ಲಾರೆನ್ಸ್, ರೋಮ್ ಹಾದು ನೇಪಲ್ಸ್‌ಗೆ ಹೋಗುವ ಎ-1 ಹೆದ್ದಾರಿ 1964ರಲ್ಲಿ ಪೂರ್ತಿಯಾಯಿತು. ದೂರ ಹೋಗುವವರು ಅದನ್ನು ಹಿಡಿದ ಮೇಲೆ, ಗುಡ್ಡದ ನೆತ್ತಿಯಿಂದ ನೆತ್ತಿಗೆ ಸುತ್ತುವ ಹಳೆಯ ರಸ್ತೆಗಳು ಊರಿನವರಿಗೆ, ಟ್ರ್ಯಾಕ್ಟರಿಗೆ, ಸೈಕಲ್ಲಿಗೆ ಉಳಿದವು.

ಬಿಳಿ ಮಣ್ಣಿನ ರಸ್ತೆಗಳೂ ತಮ್ಮಷ್ಟಕ್ಕೆ ಉಳಿದವಲ್ಲ. ಒಂದೊಂದಕ್ಕೂ ಡಾಂಬರು ಬೀಳುತ್ತಿದ್ದ ಕಾಲದಲ್ಲಿ, 1997ರಲ್ಲಿ, ಜಾನ್‌ಕಾರ್ಲೊ ಬ್ರೊಚ್ಚಿ ಎಂಬುವರು ಕಿಯಾಂಟಿ ಸೀಮೆಯ ಗಯೋಲೆ ಊರಿನಿಂದ 'ಲೆರೋಯಿಕಾ' ಎಂಬ ಹಳೆಯ ಸೈಕಲ್‌ಗಳ ಸವಾರಿ ಹೊರಡಿಸಿದರು. ಮೊದಲ ವರ್ಷ ಬಂದವರು 92 ಜನ. ಆ ಮಣ್ಣುದಾರಿಗಳನ್ನು ಮಣ್ಣುದಾರಿಗಳಾಗಿಯೇ ಉಳಿಸಿಕೊಳ್ಳಬೇಕೆಂಬುದು ಅವರ ಹಟವಾಗಿತ್ತು. ಪಕ್ಕದ ಉಂಬ್ರಿಯಾ ಪ್ರಾಂತದ ಕತೆ ಇನ್ನೊಂದು. ಸ್ಪೊಲೆಟೊದಿಂದ ನಾರ್ಚಾಕ್ಕೆ ಸುಮಾರು 51 ಕಿ.ಮೀ. ಉದ್ದದ ಬೆಟ್ಟದ ರೈಲುದಾರಿ 1926ರಿಂದ 1968ರವರೆಗೆ ನಡೆದು ನಿಂತುಹೋಯಿತು. ಈಗ ಅದರ ಸುರಂಗ, ಸೇತುವೆಗಳಲ್ಲಿ ಸೈಕಲ್ ಓಡಾಡುತ್ತದೆ. ನಮ್ಮ ಹುಡುಗ ಕಂಡ ನಿಶ್ಶಬ್ದವನ್ನು ಜನ ಕೇಳಿ, ಕಾದು ಉಳಿಸಿಕೊಂಡಿದ್ದಾರೆ.

ನಮ್ಮಲ್ಲಿ ಒಂದೇ ರಸ್ತೆ ಎಲ್ಲರ ಕೆಲಸವನ್ನೂ ಮಾಡುತ್ತದೆ. ಕನಕಪುರ ರಸ್ತೆ ಸೈಕಲ್‌ನವರ ಸ್ವರ್ಗ ಅಂತ ಇವತ್ತಿಗೂ ಹೇಳುವವರಿದ್ದಾರೆ. ಅದು ಹಳೆಯ ಮಾತು. ಈಗ ಅದು ಕೊಳ್ಳೇಗಾಲ, ಚಾಮರಾಜನಗರ ಹಾದು ಕೊಯಮತ್ತೂರಿಗೆ ಹೋಗುವ 948ನೇ ರಾಷ್ಟ್ರೀಯ ಹೆದ್ದಾರಿ. ಅಗಲ ಹೆಚ್ಚಿತು, ವೇಗವೂ ಹೆಚ್ಚಿತು. ಆದರೆ ಕಗ್ಗಲೀಪುರದ ಆಚೆ ಅದರಿಂದ ಕವಲೊಡೆಯುವ ಊರದಾರಿಗಳಿವೆ. ಗುಳಕಮಲೆ, ತಟ್ಟೆಕೆರೆ, ರಾಗಿಹಳ್ಳಿ ಕಡೆಯ ದಾರಿಗಳಲ್ಲಿ ಬೆಳಗ್ಗೆ ಎರಡು ಗಂಟೆ ಕಾಲ ಹಾಲಿನ ಕ್ಯಾನು ಕಟ್ಟಿದ ಬೈಕು, ಒಂದೋ ಎರಡೋ ಬಸ್ಸು, ಕುರಿ ಮಂದೆ, ಇಷ್ಟೇ. ದೊಡ್ಡಾಲದ ಮರದಿಂದ ಮಂಚನಬೆಲೆ ಜಲಾಶಯದ ಕಡೆಗೆ ಹೋಗುವ ದಾರಿಯೂ ಹಾಗೆಯೇ, ಭಾನುವಾರ ಬಿಟ್ಟು. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೂ ಬೈಕಿಗೂ ಪ್ರವೇಶವಿಲ್ಲ. ಅದರಿಂದ ನಮ್ಮ ದಾರಿ ಮುಚ್ಚಿತು ಅಂತ ನನ್ನ ಗೆಳತಿಯರು ಬೇಸರಪಟ್ಟರು. ನಾನು ಹಾಗೆ ನೋಡುವುದಿಲ್ಲ. ವೇಗದ ಗಾಡಿಗಳಿಗೆ ಒಂದು ದಾರಿ ಬೇರೆಯಾದರೆ ನಿಧಾನದವರಿಗೆ ಉಳಿದ ದಾರಿ ಸಿಗಬೇಕು. ಆ ಎರಡನೆಯ ಭಾಗವನ್ನು ನಾವು ಇನ್ನೂ ಗಟ್ಟಿಯಾಗಿ ಕೇಳಿಲ್ಲ. ಕೇಳಬೇಕು.

"ನಮ್ಮದು ಬಯಲುಸೀಮೆ, ಏರಿಳಿತವೇ ಇಲ್ಲ"

ಹೀಗೆ ಹೇಳುವವರು ಸಾಮಾನ್ಯವಾಗಿ ಕಾರಿನಲ್ಲಿ ಹೋದವರು. ಎಂಜಿನ್ನಿಗೆ ಕಾಣದ ಏರು ಮೊಣಕಾಲಿಗೆ ಕಾಣುತ್ತದೆ.

ಬೆಂಗಳೂರು ಕೂತಿರುವುದು ಸುಮಾರು 920 ಮೀಟರ್ ಎತ್ತರದ ಒಂದು ಏಣಿನ ಮೇಲೆ. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಕಡೆಗೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತಾಳೆಂದು ನಮ್ಮ ಹಿರಿಯರು ಹೇಳುವ ವೃಷಭಾವತಿ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತಾಳೆ. ಬನಶಂಕರಿಯಿಂದ ಸಂಗಮಕ್ಕೆ ಸೈಕಲ್ ಹೊಡೆಯುವವರ ದಿಕ್ಕೂ ಹೆಚ್ಚುಕಡಿಮೆ ಅದೇ. ಕನಕಪುರಕ್ಕೆ ಹೋಗುವಷ್ಟರಲ್ಲಿ 640 ಮೀಟರಿಗೆ ಇಳಿದಿರುತ್ತೇವೆ. ಸಂಗಮ ಇನ್ನೂ ಕೆಳಗೆ, 400 ಮೀಟರಿನ ಆಸುಪಾಸು. ನೀರಿಗೆ ಮರಳಿ ಬರುವ ಕೆಲಸವಿಲ್ಲ. ನಮಗಿದೆ.

ಹೊಸಬರು ಮೋಸಹೋಗುವುದು ಇಲ್ಲೇ. ಹೋಗುವಾಗ ಸುಮಾರು 90 ಕಿ.ಮೀ. ಹಗುರ ಅನ್ನಿಸುತ್ತದೆ, ಕಾಲಿನಲ್ಲಿ ಶಕ್ತಿ ಬಂತು ಅಂದುಕೊಳ್ಳುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ತಿರುಗಿ ಹೊರಟಾಗ ಅರ್ಧ ಕಿಲೋಮೀಟರಿನಷ್ಟು ಎತ್ತರ ಎದುರಿಗೆ ನಿಂತಿರುತ್ತದೆ. ಸವಾರ, ಸೈಕಲ್ ಸೇರಿ 85 ಕೆ.ಜಿ. ತೂಕ ಅಂತಿಟ್ಟುಕೊಳ್ಳಿ. ಅದನ್ನು 500 ಮೀಟರ್ ಮೇಲೆತ್ತಲು ಬೇಕಾದ ಕೆಲಸ ಸುಮಾರು 417 ಕಿಲೋಜೂಲ್. ದೇಹ ತಿಂದ ಅನ್ನದ ನಾಲ್ಕರಲ್ಲಿ ಒಂದು ಪಾಲನ್ನಷ್ಟೇ ಪೆಡಲಿಗೆ ದಾಟಿಸುವುದರಿಂದ, ಬರೀ ಎತ್ತರಕ್ಕೇ 400 ಕ್ಯಾಲೊರಿ, ಅಂದರೆ ಏಳೆಂಟು ಇಡ್ಲಿ ಖರ್ಚು. ಗಾಳಿಯನ್ನು ಸೀಳುವ ಖರ್ಚು, ನಡುವಿನ ಹಳ್ಳ ಇಳಿದು ದಿಣ್ಣೆ ಹತ್ತುವ ಖರ್ಚು ಬೇರೆ. ಆದ್ದರಿಂದ ಮೊದಲ ಸಲ ಹೋಗುವವರು ಹಾರೋಹಳ್ಳಿಯಿಂದಲೇ ತಿರುಗಿ ಬನ್ನಿ. ಸಂಗಮ ಎಲ್ಲಿಗೂ ಹೋಗುವುದಿಲ್ಲ.

ಈ ದಿಣ್ಣೆಗಳ ವಯಸ್ಸು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಟಸ್ಕನಿಯ ಸಿಯೆನಾ ಸುತ್ತಲಿನ ಜೇಡಿಮಣ್ಣಿನ ಗುಡ್ಡಗಳು ಮೂವತ್ತು ನಲವತ್ತು ಲಕ್ಷ ವರ್ಷದ ಹಿಂದೆ ಸಮುದ್ರದ ತಳವಾಗಿದ್ದವು. ಭೂಮಿಯ ಲೆಕ್ಕದಲ್ಲಿ ಎಳೆ ಕೂಸುಗಳು. ನಮ್ಮ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಸಾವನದುರ್ಗ, ರಾಮನಗರದ ಬೆಟ್ಟಗಳ ಕಲ್ಲಿಗೆ ಸುಮಾರು 250 ಕೋಟಿ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಭೂವಿಜ್ಞಾನಿಗಳು ಇವತ್ತಿಗೂ ಆ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಮೆತ್ತಗಿನದೆಲ್ಲ ಸವೆದು ಹೋಗಿ ಗಟ್ಟಿ ಕಲ್ಲು ಎದ್ದು ನಿಂತಿದೆ. ಟಸ್ಕನಿಯಲ್ಲಿ ಗುಡ್ಡದ ನೆತ್ತಿಯ ಮೇಲೆ ಊರು, ರಸ್ತೆ ಊರನ್ನು ಹುಡುಕಿಕೊಂಡು ಮೇಲೆ ಹೋಗುತ್ತದೆ. ಅದಕ್ಕೇ ಅಲ್ಲಿನ ಏರುಗಳು ಗಿಡ್ಡ, ಕಡಿದು. ಇಲ್ಲಿ ಕೆರೆಯ ಕೆಳಗೆ ಊರು, ರಸ್ತೆ ಬಂಡೆಯನ್ನು ಬಳಸಿ ಬರುತ್ತದೆ. ಅದಕ್ಕೇ ನಮ್ಮ ಏರು ಉದ್ದ, ಸೌಮ್ಯ. ಕಣ್ಣಿಗೆ ಸಮತಟ್ಟಾಗಿ ಕಾಣುವ ರಸ್ತೆಯಲ್ಲಿ ಸೈಕಲ್ ಯಾಕೋ ಭಾರ ಅನ್ನಿಸಿದರೆ ಚಕ್ರ ಹಿಡಿದಿದೆಯೇನೋ ಅಂತ ಇಳಿದು ನೋಡಬೇಡಿ. ನೂರು ಮೀಟರಿಗೆ ಎರಡು ಮೀಟರ್ ಏರುತ್ತಿದ್ದೀರಿ, ಅಷ್ಟೇ.

"ಸೈಕಲ್ ತುಳಿದರೆ ಮಂಡಿ ಸವೆಯುತ್ತೆ"

ಜೆ.ಪಿ. ನಗರದ ನನ್ನ ಚಿಕ್ಕಮ್ಮ ಈ ಮಾತನ್ನು ಪ್ರತಿ ಹಬ್ಬಕ್ಕೂ ಹೇಳುತ್ತಾರೆ, ಪ್ರೀತಿಯಿಂದ. ನಿಜಾಂಶ ಬೇರೆ. ಸೀಟಿನ ಮೇಲೆ ಕೂತಾಗ ದೇಹದ ಭಾರ ಮಂಡಿಯ ಮೇಲೆ ಬೀಳುವುದಿಲ್ಲ, ಓಟದಲ್ಲಿ ಆಗುವಂತೆ ಹೆಜ್ಜೆಹೆಜ್ಜೆಗೂ ಕುಟ್ಟುವುದಿಲ್ಲ. ಮಂಡಿ ನೋವಿನವರಿಗೆ ವೈದ್ಯರೇ ಸೈಕಲ್ ಹೇಳುವುದುಂಟು. ನೋವು ಬಂದರೆ ಎರಡು ಕಡೆ ನೋಡಿ. ಒಂದು, ಸೀಟಿನ ಎತ್ತರ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಕಾಲು ನೆಲಕ್ಕೆ ಎಟುಕಲಿ ಅಂತ ಸೀಟನ್ನು ಪೂರ್ತಿ ಇಳಿಸಿಕೊಂಡವರ ಮಂಡಿ ನೋಯದೆ ಇರುವುದಿಲ್ಲ. ಎರಡು, ಗೇರ್.

ಗೇರ್ ಇರುವುದು ವೇಗಕ್ಕೆ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಬೆಟ್ಟದ ನಾಡಿನಲ್ಲಿ ಗೇರ್ ಇರುವುದು ನಿಧಾನಕ್ಕೆ. ಅಪ್ಪನ ಕಾಲದ ಅಟ್ಲಾಸ್ ಸೈಕಲ್, ಒಳಪೆಡಲು ಹೊಡೆದು ನಾವೆಲ್ಲ ಕಲಿತದ್ದು, ಪೆಡಲನ್ನು ಒಂದು ಸುತ್ತು ತಿರುಗಿಸಿದರೆ ಐದು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಪ್ರವಾಸದ ಸೈಕಲ್ಲಿನ ಅತಿ ಹಗುರ ಗೇರಿನಲ್ಲಿ, ಮುಂದೆ 30 ಹಲ್ಲು ಹಿಂದೆ 34 ಹಲ್ಲು ಇದ್ದರೆ, ಅದೇ ಒಂದು ಸುತ್ತಿಗೆ ಎರಡು ಮೀಟರಿಗೂ ಕಡಿಮೆ. ಏರಿನ ಕೆಲಸ ಅಷ್ಟೇ, ಆದರೆ ಸಣ್ಣಸಣ್ಣ ತುತ್ತು. ಏರು ಶುರುವಾಗುವ ಮುಂಚೆಯೇ ಗೇರ್ ಇಳಿಸಿ. ನಡುವೆ ಬಲವಾಗಿ ಒತ್ತುತ್ತಾ ಬದಲಿಸಿದರೆ ಚೈನು ಕಳಚುತ್ತದೆ.

ನಿಧಾನದ ಬಗ್ಗೆ ಇನ್ನೊಂದು ಮಾತು. ದೂರ ಹೋಗಲು ವೇಗ ಬೇಕು ಅಂತ ಹಲವರು ಹಿಂಜರಿಯುತ್ತಾರೆ. ಪ್ಯಾರಿಸಿನ ಆಡಾಕ್ಸ್ ಕ್ಲಬ್ಬಿನ ನಿಯಮದಂತೆ ಜಗತ್ತಿನೆಲ್ಲೆಡೆ, ಬೆಂಗಳೂರಿನಲ್ಲೂ, ನಡೆಯುವ 'ಬ್ರೆವೆ' ಎಂಬ ದೂರದ ಸವಾರಿಗಳಲ್ಲಿ 200 ಕಿ.ಮೀ. ಮುಗಿಸಲು ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ ಕೊಡುತ್ತಾರೆ. ಊಟ, ಪಂಕ್ಚರ್, ನಿದ್ದೆ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಸಾಕು. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. 20ರ ವೇಗವನ್ನು 30ಕ್ಕೆ ಏರಿಸಿದರೆ ಗಾಳಿಗೆ ಪ್ರತಿ ನಿಮಿಷ ಕೊಡಬೇಕಾದ ಶಕ್ತಿ ಮೂರು ಪಟ್ಟಿಗೂ ಮೀರುತ್ತದೆ. ನಿಧಾನ ಸೋಮಾರಿತನವಲ್ಲ, ಲೆಕ್ಕಾಚಾರ.

ಗಾಳಿ ಅಂದ ಮೇಲೆ ಆಷಾಢ. ಮಳೆಗಾಲದಲ್ಲಿ ಸೈಕಲ್ ಪ್ರವಾಸ ಬೇಡ ಅನ್ನುತ್ತಾರೆ. ಬೆಂಗಳೂರಿನ ಜೂನ್, ಜುಲೈನಲ್ಲಿ ಮಳೆಗಿಂತ ದೊಡ್ಡದು ಪಡುವಣ ಗಾಳಿ. ಆಗ ಮಂಚನಬೆಲೆ, ಮಾಗಡಿ ಕಡೆಗೆ, ಅಂದರೆ ಗಾಳಿಗೆ ಎದುರಾಗಿ ಹೊರಡಿ. ಬೆಳಗಿನ ತಾಜಾ ಕಾಲು ಎದುರುಗಾಳಿಯನ್ನು ತಾಳುತ್ತದೆ. ಬರುವಾಗ ಗಾಳಿ ಬೆನ್ನು ನೂಕುತ್ತದೆ. ಮೋಡದ ನೆರಳು, ಆಗತಾನೆ ಉತ್ತ ಕೆಂಪು ಹೊಲ. ನನಗೆ ವರ್ಷದ ಅತಿ ಪ್ರಿಯ ದಿನಗಳು ಇವೇ.

ಚಿಕ್ಕವು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಅನ್ನುವ ಭಯ ಎಲ್ಲ ಮನೆಯಲ್ಲೂ ಇದೆ. ನಿಲ್ಲಿಸುವ ಬಲದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಎರಡನ್ನೂ ಒಟ್ಟಿಗೆ, ಮೆತ್ತಗೆ, ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಹಿಡಿಯಬೇಕು. ತಿರುವಿನ ಒಳಗಲ್ಲ, ತಿರುವಿಗೆ ಮುಂಚೆ. ಟೈರು ಸಣ್ಣಗಿದ್ದು ಕಲ್ಲಿನಂತೆ ಗಟ್ಟಿಯಾಗಿದ್ದರೆ ವೇಗ ಅನ್ನುವುದು ನುಣುಪು ರಸ್ತೆಯ ಮಾತು. ನಮ್ಮ ಊರದಾರಿಯಲ್ಲಿ ಅಗಲದ ಟೈರು, ಸ್ವಲ್ಪ ಕಡಿಮೆ ಗಾಳಿ, ಮೈಗೂ ಹಿತ, ನಿಜದಲ್ಲಿ ಬೇಗವೂ ಹೌದು. ಎಳನೀರು ಒಂದಿದ್ದರೆ ಸಾಕು ಅನ್ನುತ್ತೇವೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋದ ಸೋಡಿಯಂ ಅಷ್ಟಿಲ್ಲ. ಜೊತೆಗೆ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯಿರಿ. ನಾಯಿ ಅಟ್ಟಿದರೆ ಜೋರಾಗಿ ತುಳಿಯಬೇಡಿ, ಓಡುವುದನ್ನು ಅಟ್ಟುವುದು ಅದರ ಗುಣ. ಇಳಿಯಿರಿ, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಸಾಮಾನ್ಯವಾಗಿ ಅದಕ್ಕೆ ಬೇಸರವಾಗಿ ಹಿಂದೆ ಸರಿಯುತ್ತದೆ.

ಒಂದನ್ನು ಮಾತ್ರ ಚಿಕ್ಕದು ಅನ್ನಲಾರೆ. ಟ್ರಾಫಿಕ್ ತಪ್ಪಿಸಲು ನಾಲ್ಕು ಗಂಟೆಗೇ ಹೊರಟು ಕತ್ತಲಲ್ಲೇ ಕಾಡುದಾರಿ ದಾಟಬೇಕು ಅನ್ನುವ ಹುರುಪು. ಬನ್ನೇರುಘಟ್ಟ 1974ರಿಂದ ರಾಷ್ಟ್ರೀಯ ಉದ್ಯಾನ. ರಾಗಿಹಳ್ಳಿ ಕಡೆಯ ದಾರಿಯ ಎರಡೂ ಬದಿ ಆನೆಗಳ ಸೀಮೆ. ಸಂಗಮವೂ ಕಾವೇರಿ ವನ್ಯಜೀವಿ ಧಾಮದ ಒಳಗೇ ಇದೆ. ನಸುಕು, ಮುಸ್ಸಂಜೆ ಆನೆಗಳು ಓಡಾಡುವ ಹೊತ್ತು. ಸೈಕಲ್ಲಿಗೆ ಸದ್ದಿಲ್ಲದ್ದರಿಂದ ನಾವು ಬಂದದ್ದು ಅವಕ್ಕೂ ತಿಳಿಯುವುದಿಲ್ಲ. ಸೂರ್ಯ ಚೆನ್ನಾಗಿ ಮೇಲೆ ಬಂದ ಮೇಲೆ ಕಾಡಿನ ಅಂಚಿಗೆ ಹೋಗಿ, ಬೆಳಕಿರುವಾಗಲೇ ಹೊರಬನ್ನಿ.

ಕೊನೆಯದು, ಸೈಕಲ್ ಈಗ ದುಡ್ಡಿದ್ದವರ ಶೋಕಿ ಅನ್ನುವ ಮಾತು. ದೇಶಕ್ಕೆ ಸೈಕಲ್ ಪಟುಗಳನ್ನು ಕೊಡುತ್ತ ಬಂದ ಕರ್ನಾಟಕದ ಜಿಲ್ಲೆಗಳು ವಿಜಯಪುರ, ಬಾಗಲಕೋಟೆ. ಅಲ್ಲಿನ ರೈತರ ಮಕ್ಕಳು ಅವರು. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಎಷ್ಟೋ ಹಳ್ಳಿಯ ಹುಡುಗಿಯರಿಗೆ ಹೈಸ್ಕೂಲು ಹತ್ತಿರವಾಯಿತು. ತಟ್ಟೆಕೆರೆ ಕಡೆಯ ಒಂದು ದಿಣ್ಣೆಯಲ್ಲಿ ನನಗೆ ಆಗಾಗ ಎದುರಾಗುವ ಅಜ್ಜ ಒಬ್ಬರಿದ್ದಾರೆ. ಕ್ಯಾರಿಯರಿನ ಮೇಲೆ ಹಸಿ ಹುಲ್ಲಿನ ಹೊರೆ, ಹಳೆಯ ಸೈಕಲ್, ಗೇರಿಲ್ಲ. ಏರಿನ ಬುಡಕ್ಕೆ ಬಂದೊಡನೆ ಇಳಿದು ತಳ್ಳುತ್ತಾರೆ. ಮೊದಲ ಸಲ ಅದೇ ಏರಿನಲ್ಲಿ ಏದುಸಿರು ಬಿಡುತ್ತ, ಇಳಿಯಲು ನಾಚಿ, ವಾಲಾಡುತ್ತಿದ್ದ ನನ್ನನ್ನು ನೋಡಿ, "ಇಳ್ಕೊಳವ್ವ, ದಿಣ್ಣೆ ಓಡೋಗಾಕಿಲ್ಲ" ಅಂದರು. ಇಳಿದೆ. ಇಬ್ಬರೂ ಸೈಕಲ್ ತಳ್ಳಿಕೊಂಡು ನೆತ್ತಿಯವರೆಗೆ ಅವರ ಹಸುವಿನ ವಿಷಯ, ಈ ಸಲದ ರಾಗಿಯ ವಿಷಯ ಮಾತಾಡುತ್ತ ನಡೆದೆವು. ಅಷ್ಟು ಹೊತ್ತೂ ಒಂದು ಗಾಡಿ ಎದುರಾಗಲಿಲ್ಲ.