ಗ್ಲಾಸಿಗೆ ಬಂದ ಉಪ್ಪಾಗೆ

ಮಳೆಗಾಲದ ವಿಶೇಷ ಎಂದು ಹೋಟೆಲಿನವರು ಮೆನುವಿನಲ್ಲಿ ಅಚ್ಚು ಹಾಕಿಸಿದ್ದೆಲ್ಲ ಮಳೆಗಾಲದ್ದಲ್ಲ. ಜುಲೈನಲ್ಲಿ ತಿರುವನಂತಪುರದ ಒಂದು ಹೋಟೆಲ್ ಬಾರ್‌ನಲ್ಲಿ ಅಂಥ ಹೆಸರಿನ ಕಾಕ್‌ಟೇಲ್ ತರಿಸಿದೆ. ಬಂದದ್ದು ಬಾಟಲಿಯ ಸ್ಟ್ರಾಬೆರಿ ಸಿರಪ್, ವೋಡ್ಕಾ, ಮೇಲೊಂದು ಚೆರ್ರಿ. ಹೊರಗೆ ಸುರಿಯುತ್ತಿದ್ದ ಮಳೆಗೂ ಆ ಗ್ಲಾಸಿಗೂ ಯಾವ ಸಂಬಂಧವೂ ಇರಲಿಲ್ಲ. ನನಗೆ ನಿಜಕ್ಕೂ ಬೇಸರವಾಯಿತು. ಊರಿನ ಸಂತೆಯಲ್ಲಿ ಇಷ್ಟೊಂದು ಹುಳಿ, ಇಷ್ಟೊಂದು ಹಣ್ಣು ಇರುವಾಗ ಹೀಗೇಕೆ?

ಅದಕ್ಕೆ ಎರಡು ದಿನ ಮೊದಲು ಕೊಚ್ಚಿಯಲ್ಲಿ ಕುಡಿದದ್ದು ಬಾಯಲ್ಲಿ ಇನ್ನೂ ಉಳಿದಿತ್ತು, ಬೇಸರಕ್ಕೆ ಅದೂ ಕಾರಣ. ಅಕ್ಕನೂ ನಾನೂ ವಿಲಿಂಗ್ಡನ್ ದ್ವೀಪದಲ್ಲಿದ್ದೆವು. 1920ರಲ್ಲಿ ಕೊಚ್ಚಿಗೆ ಬಂದ ಬಂದರು ಎಂಜಿನಿಯರ್ ರಾಬರ್ಟ್ ಬ್ರಿಸ್ಟೊ ಹಿನ್ನೀರಿನ ಹೂಳೆತ್ತಿಸಿ, ಆ ಮಣ್ಣಿನಿಂದಲೇ ಕಟ್ಟಿಸಿದ ನೆಲ ಅದು. ಅಲ್ಲಿನ ಬಾರ್‌ನ ಹುಡುಗ ಒಂದು ಬಟ್ಟಲನ್ನು ನಮ್ಮ ಮುಂದೆ ಸರಿಸಿ, "ಇದು ಕುಡಂಪುಳಿ ಮ್ಯಾಡಂ, ನಮ್ಮ ಮೀನ್ ಕರಿಗೆ ಹಾಕೋದು" ಎಂದ. ಬಟ್ಟಲಿನಲ್ಲಿ ಇದ್ದದ್ದು ನಮ್ಮ ಉಪ್ಪಾಗೆ! ಶಿರಸಿಯವಳಾದ ನನಗೆ ಹೆಸರು ಬೇಕಿರಲಿಲ್ಲ, ಮೂಸಿದ್ದೇ ಸಾಕಾಯಿತು.

ಉಪ್ಪಾಗೆ ಹಣ್ಣಾಗುವುದೇ ಮಳೆ ಹಿಡಿದ ಮೇಲೆ. ಬಿಸಿಲು ಕಾಣದ ದಿನಗಳಾದ್ದರಿಂದ ಸಿಪ್ಪೆ ಬಿಡಿಸಿ ಒಲೆಯ ಮೇಲಿನ ಅಟ್ಟದಲ್ಲಿ, ಬೆಂಕಿಯ ಕಾವಿನಲ್ಲಿ ಒಣಗಿಸಬೇಕು. ಹೊಗೆ ಕುಡಿದ ಹಳದಿ ಸಿಪ್ಪೆ ಕಪ್ಪಗಾಗಿ ಹಳೆಯ ಚರ್ಮದ ಪಟ್ಟಿಯ ಹಾಗೆ ಬಾಗುತ್ತದೆ. ಉತ್ತರ ಕನ್ನಡದಲ್ಲಿ ಬೀಜದಿಂದ ತುಪ್ಪವನ್ನೂ ತೆಗೆಯುತ್ತೇವೆ. 1990ರ ದಶಕದಲ್ಲಿ ಇದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂದು ಅಮೆರಿಕದಲ್ಲಿ ಮಾತ್ರೆಗಳು ಮಾರಾಟವಾದಾಗ ಸಿಪ್ಪೆಗೆ ಬೆಲೆ ಏರಿ, ಕೆಲವರು ಕಾಡಿನ ಮರಗಳ ಕೊಂಬೆಗಳನ್ನೇ ಕಡಿದರು. ಆ ನೋವು ಮಲೆನಾಡಿನವರಿಗೆ ಗೊತ್ತು.

ಹುಡುಗ ಮಾಡಿದ್ದು ಹೀಗೆ. ನಾಲ್ಕಾರು ಸಿಪ್ಪೆಗಳನ್ನು ಬೆಳಿಗ್ಗೆಯೇ ಬಿಸಿನೀರಿನಲ್ಲಿ ನೆನೆಹಾಕಿ, ಸೋಸಿಟ್ಟಿದ್ದ. ಕಂದು ಬಣ್ಣದ ಆ ನೀರಿಗೆ ನೀರುಬೆಲ್ಲ, ಹಸಿಶುಂಠಿಯ ರಸ, ಒಂದು ಪೆಗ್ ರಮ್. ಕೊನೆಗೆ ಒಂದೇ ಒಂದು ಗಾಂಧಾರಿ ಮೆಣಸನ್ನು ಸೀಳಿ ಶೇಕರ್‌ಗೆ ಹಾಕಿ, ಐಸ್ ತುಂಬಿಸಿ, ಉಕ್ಕಿನ ಹೊರಮೈ ಬೆವರುವವರೆಗೆ ಕುಲುಕಿದ. ಈ ಕುಲುಕುವ ಕೆಲಸ ಬರೀ ತಂಪಿಗಲ್ಲ. ಕರಗಿದ ಐಸಿನಿಂದ ಪಾನೀಯಕ್ಕೆ ಸರಿಸುಮಾರು ಕಾಲು ಭಾಗದಷ್ಟು ನೀರು ಸೇರಿಕೊಳ್ಳುತ್ತದೆ. ಮದ್ಯದ ಉರಿ ತಗ್ಗಿ ಹುಳಿ, ಸಿಹಿ ಮುಂದೆ ಬರುವುದು ಆಗಲೇ. ಕಡಿಮೆ ಕುಲುಕಿದರೆ ಗಂಟಲು ಉರಿಯುತ್ತದೆ, ಹೆಚ್ಚಾದರೆ ಸಪ್ಪೆ.

ನಿಂಬೆಯ ಹುಳಿ ನಾಲಿಗೆಗೆ ತಟ್ಟನೆ ಬಡಿದು ಹೊರಟುಹೋಗುತ್ತದೆ. ಉಪ್ಪಾಗೆಯದು ನಿಧಾನ, ಹಿಂದೆಯೇ ಸ್ವಲ್ಪ ಒಗರು, ಆಮೇಲೆ ಹೊಗೆ. ಬೆಲ್ಲದ ಹಾಗೆ ರಮ್ ಕೂಡ ಕಬ್ಬಿನದ್ದೇ ಆದ್ದರಿಂದ ಎರಡೂ ಹೊಂದಿಕೊಂಡವು. ಈ ಕರಾವಳಿಗೆ ಇದು ಹೊಸ ಬುದ್ಧಿಯೂ ಅಲ್ಲ. 17ನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ನಾವಿಕರು ಇಲ್ಲಿನ ಸಾರಾಯಿಗೆ ಸಕ್ಕರೆ, ಹುಳಿ, ನೀರು, ಮಸಾಲೆ ಬೆರೆಸಿ ಕುಡಿದದ್ದೇ ಪಂಚ್ ಆಗಿ ಯುರೋಪಿಗೆ ಹೋಯಿತು.

ಕೇರಳದಲ್ಲಿ ಕಾಕ್‌ಟೇಲ್ ಎಂದರೆ ದೊಡ್ಡ ಹೋಟೆಲ್ ಎನ್ನುವಂತಾಗಿರುವುದಕ್ಕೆ ಸರ್ಕಾರದ ನೀತಿಯೂ ಒಂದು ಕಾರಣ ಎಂದು ನನಗನಿಸುತ್ತದೆ. 1996ರಲ್ಲಿ ಎ.ಕೆ. ಆಂಟನಿ ಸರ್ಕಾರ ಸಾರಾಯಿ ನಿಷೇಧಿಸಿತು. 2014ರಲ್ಲಿ ಉಮ್ಮನ್ ಚಾಂಡಿ ಸರ್ಕಾರ ಪಂಚತಾರಾ ಹೋಟೆಲ್‌ಗಳಿಗಷ್ಟೇ ಬಾರ್ ಎಂಬ ನೀತಿ ತಂದಿತು, 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಚ್ಚಿದ ಬಾರ್‌ಗಳಲ್ಲಿ ಅನೇಕವು ಬಿಯರ್, ವೈನ್ ಪಾರ್ಲರ್‌ಗಳಾದವು. 2017ರಲ್ಲಿ ಎಡರಂಗದ ಸರ್ಕಾರ ತ್ರಿತಾರಾ ಮತ್ತು ಮೇಲಿನ ಹೋಟೆಲ್‌ಗಳಿಗೆ ಮತ್ತೆ ಅವಕಾಶ ಕೊಟ್ಟಿತು. ಕುಡಿಯುವ ವಯಸ್ಸನ್ನು 21ರಿಂದ 23ಕ್ಕೆ ಏರಿಸಿದ್ದೂ ಇದೇ ಸರ್ಕಾರ. ಕರ್ನಾಟಕದಿಂದ ಹೋಗುವವರು ಇನ್ನೊಂದನ್ನು ನೆನಪಿಡಬೇಕು: ತಿಂಗಳ 1ನೇ ತಾರೀಖು ಅಲ್ಲಿ ಡ್ರೈ ಡೇ.

ಅಕ್ಕ ಮದ್ಯ ಮುಟ್ಟುವವಳಲ್ಲ. ಹುಡುಗ ಅವಳಿಗೆ ಅದೇ ಸೋಸಿದ ನೀರು, ಬೆಲ್ಲ, ಶುಂಠಿಗೆ ಸೋಡಾ ಸೇರಿಸಿ, ಮೆಣಸು ಬಿಟ್ಟು ಕೊಟ್ಟ. ಒಂದು ಗುಟುಕು ಕುಡಿದವಳೇ, "ನಮ್ಮನೆ ಅಟ್ಟದಲ್ಲಿ ಹೋದ ವರ್ಷದ್ದು ಇನ್ನೂ ಒಂದು ಡಬ್ಬಿ ಉಂಟಲ್ಲ, ಹೋದ ಕೂಡ್ಲೇ ಮಾಡುವ" ಎಂದಳು. ಎಷ್ಟು ಹೊತ್ತು ನೆನೆಹಾಕಬೇಕೆಂದು ಹುಡುಗನನ್ನು ಕೇಳಿ ಮೊಬೈಲಿನಲ್ಲಿ ಬರೆದುಕೊಂಡಳು.