ಮಸಿ ಅರಿವೆಗೆ ಹತ್ತಿಯೇ ಸೈ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಅಡುಗೆಮನೆಗಳಲ್ಲಿ ಮಸಿ ಅರಿವೆ ಎಂಬ ಬಟ್ಟೆಯ ತುಂಡೊಂದು ದಿನವೂ ಒಲೆಯ ಮುಂದೆ ದುಡಿಯುತ್ತದೆ. ಬಡಿದ ಜೋಳದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಆ ತುಂಡನ್ನು ನೀರಲ್ಲಿ ಅದ್ದಿ ರೊಟ್ಟಿಯ ಮೈಗೆಲ್ಲ ಸವರುತ್ತಾರೆ. ಮೇಲಂಟಿದ ಒಣಹಿಟ್ಟು ಹೋಗುತ್ತದೆ. ನೀರು ಆರುತ್ತಲೇ ಮಗುಚಿ, ಅಂಚುಗಳನ್ನು ಅರಿವೆಯಿಂದ ಒತ್ತಿದರೆ ರೊಟ್ಟಿ ಉಬ್ಬುತ್ತದೆ. ಈ ಕೆಲಸಕ್ಕೆ ಹತ್ತಿ ಬಟ್ಟೆಯೇ ಬೇಕು. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಕರಗಿದ್ದು ಕೈಗೆ ಹತ್ತಿದರೆ ಸುಟ್ಟ ಗಾಯ ಆಳವಾಗುತ್ತದೆ.

ಹಿಂದೆ ಇದನ್ನೆಲ್ಲ ಯೋಚಿಸುವ ಪ್ರಸಂಗವೇ ಇರಲಿಲ್ಲ. ಧೋತರ, ಸೀರೆ, ಅಂಗಿ ಬಹುಪಾಲು ಹತ್ತಿಯವೇ. ಹಳತಾದ ಸೀರೆ ಕೌದಿಯ ಪದರಾಗುತ್ತಿತ್ತು, ಉಳಿದ ಚೂರು ಮಸಿ ಅರಿವೆ, ಅದೂ ಹರಿದರೆ ನೆಲ ಒರೆಸಲು. ಈಗ ಹಳೇ ಬಟ್ಟೆಯ ಗಂಟು ಬಿಚ್ಚಿದರೆ ಪಾಲಿಯೆಸ್ಟರ್ ಸೀರೆಗಳೇ ಹೆಚ್ಚು. ಸುತ್ತ ಎರೆ ಹೊಲಗಳಲ್ಲಿ ಹತ್ತಿ ಬೆಳೆಯುವ ಊರಲ್ಲೂ ಒರೆಸುವ ಬಟ್ಟೆಯನ್ನು ನೋಡಿ ಆರಿಸಬೇಕಾಗಿದೆ.

ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ 8ರಷ್ಟು ತೇವ ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ 0.4 ಮಾತ್ರ. ಚೆಲ್ಲಿದ ನೀರನ್ನು ಅದು ಹೀರದೆ ಆಚೀಚೆ ತಳ್ಳುವುದು ಇದಕ್ಕೇ. ಯಾವ ಬಟ್ಟೆಯೆಂದು ತಿಳಿಯದಿದ್ದರೆ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಆದರೆ ಮುದ್ದೆಯಾಗಿ ಗಟ್ಟಿ ಮಣಿ ಉಳಿಯುತ್ತದೆ. ಅಂಗಡಿಯಿಂದ ತಂದ ಹೊಸ ಹತ್ತಿ ಬಟ್ಟೆಯೂ ಮೊದಲಿಗೆ ನೀರು ಹೀರದು, ಅದರ ಗಂಜಿ ಬಿಡುವವರೆಗೆ ನಾಲ್ಕಾರು ಸಲ ಒಗೆಯಬೇಕು.

ಪೇಟೆಯ ಮೈಕ್ರೋಫೈಬರ್ ಕೂಡ ಪಾಲಿಯೆಸ್ಟರ್ ಕುಲದ್ದೇ, ಸಾಮಾನ್ಯವಾಗಿ ಅದಕ್ಕೆ ನೈಲಾನ್ ಬೆರೆತಿರುತ್ತದೆ. ಎಳೆಗಳು ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣವಾದ್ದರಿಂದ ನಡುವಿನ ಸಂದುಗಳಲ್ಲಿ ಧೂಳೂ ನೀರೂ ಸಿಕ್ಕಿಕೊಳ್ಳುತ್ತವೆ. ಕನ್ನಡಿ, ಕಿಟಕಿ ಗಾಜಿಗೆ ಇದನ್ನು ಮೀರಿಸಿದ್ದಿಲ್ಲ. ಆದರೆ ಒಲೆಯ ಹತ್ತಿರ ಬೇಡ. ಮರಳಿನ ಕಣ ಸಿಕ್ಕಿಕೊಂಡಿದ್ದರೆ ಗಾಜಿನ ಮೇಲೆ ಗೀರು ಬೀಳುತ್ತದೆ, ಬಳಸುವ ಮುನ್ನ ಕೊಡವಬೇಕು.

ನೆಲದ ಮಾತೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಗದ್ದೆಯಿಂದ ಕಾಲಿಗಂಟಿ ಬಂದ ಎರೆ ಕೆಸರನ್ನು ಹಸಿಯಿದ್ದಾಗಲೇ ಒರೆಸಿದರೆ ಮನೆ ತುಂಬ ಬಳಿದಂತಾಗುತ್ತದೆ. ಒಣಗಿಸಿ, ಕೆರೆದು, ಕಸ ಗುಡಿಸಿದ ಮೇಲೆಯೇ ಒದ್ದೆ ಅರಿವೆ.

ಬಟ್ಟೆಯ ಆಯ್ಕೆಗಿಂತಲೂ ಮನೆಗಳಲ್ಲಿ ತಪ್ಪುವುದು ಅದರ ಬಳಕೆ. ಕಟ್ಟೆ ಒರೆಸಿದ್ದರಿಂದಲೇ ತಾಟು, ತಾಟು ಒರೆಸಿದ್ದರಿಂದಲೇ ಕೈ. ಮಾರಿಷಸ್ ವಿಶ್ವವಿದ್ಯಾಲಯದ ಸಂಶೋಧಕರು ತಿಂಗಳು ಬಳಸಿದ 100 ಅಡುಗೆಮನೆ ಬಟ್ಟೆಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಹೇಳಿದರು: 49ರಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದವು. ಒದ್ದೆಯಾಗಿಯೇ ಇದ್ದ, ಹಲವು ಕೆಲಸಕ್ಕೆ ಬಳಸಿದ ಬಟ್ಟೆಗಳಲ್ಲಿ ಇ. ಕೋಲಿ ಹೆಚ್ಚು ಕಂಡಿತು. ಆದ್ದರಿಂದ ಪಾತ್ರೆಗೊಂದು, ಕಟ್ಟೆಗೊಂದು, ನೆಲಕ್ಕೊಂದು ಬೇರೆ ಇರಲೇಬೇಕು, ನೇತುಹಾಕುವ ಮೊಳೆಯೂ ಬೇರೆ.

ಬೋರ್‌ವೆಲ್‌ನ ಗಡಸು ನೀರಲ್ಲಿ ಸಾಬೂನು ಹಚ್ಚಿ ಒಗೆದ ಅರಿವೆ ದಿನ ಕಳೆದಂತೆ ಬಿರುಸಾಗುತ್ತದೆ, ಸಾಬೂನಿನ ಜಿಗುಟು ಎಳೆಗಳಲ್ಲೇ ಕೂರುತ್ತದೆ. ವಾರಕ್ಕೊಮ್ಮೆ ಹತ್ತಿ ಅರಿವೆಗಳನ್ನು ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿದರೆ ಜಿಡ್ಡು ಬಿಡುತ್ತದೆ, ನೀರಿನ ಗಡಸೂ ತಗ್ಗುತ್ತದೆ. ಬಣ್ಣ ಬಿಡುವ ಚೂರುಗಳನ್ನು ಬೇರೆ ಕುದಿಸಿ, ಎಲ್ಲವನ್ನೂ ಚೆನ್ನಾಗಿ ಜಾಲಾಡಿಸಿ, ಮಾಳಿಗೆಯ ಬಿಸಿಲಿಗೆ ಬಿಡಿಬಿಡಿಯಾಗಿ ಹರವಬೇಕು.